ಗಾಡಿ ಫೋರ್ ವೀಲ್, ಕಾಗದ ಟೂ ವೀಲ್

ಚಿಕ್ಕೋಡಿ ತಾಲೂಕಿನ ಅಂಕಲಿಗೆ ನಾವು ಮೂವರು ಹೋದದ್ದು ಒಂದು ಹಳೆ ಜೀಪು ನೋಡಲು. ಕೃಷ್ಣಾ ನದಿ ದಂಡೆಯ ಊರು. ಎಲ್ಲಿ ನೋಡಿದರೂ ಕಬ್ಬು. ಕಬ್ಬು ಹೇರಿದ ಜೋಡಿ ಟ್ರಾಲಿಗಳನ್ನು ಎಳೆದುಕೊಂಡು ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತಿದ್ದವು. ನಮ್ಮ ಕರಾವಳಿಯ ಕೆಂಪು ಜಂಬಿಟ್ಟಿಗೆ ಮಣ್ಣಿಗೂ ಅಲ್ಲಿನ ಕರಿ ಎರೆಮಣ್ಣಿಗೂ ಅಜಗಜಾಂತರ. ಒಂದು ಮಳೆ ಬಿದ್ದರೆ ಸಾಕು, ಚಪ್ಪಲಿಗೆ ಅಂಟಿದ ಮಣ್ಣು ಒಂದೊಂದು ಕಿಲೋ ತೂಗುತ್ತದೆ.

ಜೀಪಿನ ಯಜಮಾನರು ಕಬ್ಬು ಬೆಳೆಯುವ ರೈತರು. ಚಹಾ ಕೊಟ್ಟರು, ಗಾಡಿಯ ಬಾನೆಟ್ ಎತ್ತಿ ತೋರಿಸಿದರು, ಒಂದು ಸುತ್ತು ಓಡಿಸಲೂ ಕೊಟ್ಟರು. ಜೊತೆಗೆ ಬಂದಿದ್ದ ನಮ್ಮ ಹುಡುಗ, ‘ಇದಕ್ಕೆ ಊರಲ್ಲಿ ಫೋರ್ ವೀಲ್ ಹಾಕಿಸುತ್ತೇನೆ’ ಎಂದು ಉತ್ಸಾಹದಿಂದ ಹೇಳಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಕಸ್ರೀ ಸಾಹೇಬ್ರ, ಹಾಕ್ಸೂದು ದೊಡ್ಡ ಕೆಲಸ ಅಲ್ಲ. ಆದ್ರ ಕಾಗದ ಟೂ ವೀಲ್ ಐತ್ರಿ. ಅದನ್ನ ಮೊದಲ ವಿಚಾರ ಮಾಡ್ರಿ’ ಅಂದರು.

ನಾವು ವಿಚಾರ ಮಾಡಲಿಲ್ಲ. ಇಂದು ಈ ಪುಟದಲ್ಲಿ ಬರೆಯಲು ಅದೇ ಕಾರಣ.

ಆ ಹುಡುಗನ ಬಗ್ಗೆ ಒಂದೆರಡು ಮಾತು ಹೇಳಬೇಕು. ಹೆಸರು ಬೇಡ. ಏಳು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಬಂದವನು. ಮನೆ ಗುಡ್ಡದ ಮೇಲೆ. ಮಳೆಗಾಲದಲ್ಲಿ ಆಟೋ ಹತ್ತುವುದಿಲ್ಲ, ಅಡಿಕೆ ಇಳಿಸಲು ತಲೆಹೊರೆಯೇ ಗತಿ. ಉಮ್ಮನಿಗೆ ಕಾಲುನೋವು, ಆಸ್ಪತ್ರೆಗೆ ಹೋಗಬೇಕೆಂದರೆ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸಬೇಕು. ಅವನು ಜೀಪು ಬಯಸಿದ್ದು ಶೋಕಿಗಲ್ಲ. ಹೊಸ ಫೋರ್ ವೀಲ್ ಗಾಡಿಯ ಬೆಲೆ ಕೈಗೆ ಎಟಕುವುದಿಲ್ಲ. ಹಳೆ ಟೂ ವೀಲ್ ಜೀಪು ಕಡಿಮೆಗೆ ಸಿಗುತ್ತದೆ, ಗ್ಯಾರೇಜಿನಲ್ಲಿ ಒಂದು ಲಕ್ಷ ಮೇಲೆ ಖರ್ಚು ಮಾಡಿದರೆ ಫೋರ್ ವೀಲ್ ಆಗುತ್ತದೆ. ಲೆಕ್ಕ ಸರಿ ಇದೆ ಎಂದು ನಾವೂ ತಲೆಯಾಡಿಸಿದೆವು. ‘ಹಾಕಿಸು ಮಾರಾಯ, ಎಲ್ಲರೂ ಹಾಕಿಸುವುದಿಲ್ಲವಾ’ ಎಂದು ಹೇಳಿದವರೂ ನಾವೇ.

ಗ್ಯಾರೇಜಿನ ಮೇಸ್ತ್ರಿಯೂ ನಮ್ಮವನೇ. ಕೆಲಸದಲ್ಲಿ ಒಂದು ಕೊರತೆ ಹೇಳುವಂತಿರಲಿಲ್ಲ. ಜೀಪು ಗುಡ್ಡ ಹತ್ತಿತು. ಆ ವರ್ಷ ಉಮ್ಮ ಆಸ್ಪತ್ರೆಗೆ ಜೀಪಿನಲ್ಲೇ ಹೋಗಿ ಬಂದರು. ಮನೆಯವರ ಖುಷಿ ನೋಡಬೇಕಿತ್ತು.

ಮುಂದಿನ ವರ್ಷ ಆರ್‌ಸಿ ನವೀಕರಣದ ದಿನ ಬಂತು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ತಪಾಸಣೆ ಮಾಡಿದವರು ಬಗ್ಗಿ ಕೆಳಗೆ ನೋಡಿದರು. ಮಾದರಿಯ ಹೆಸರು ಓದಿದರು. ‘ಈ ಮಾದರಿಗೆ ಕಂಪನಿ ಮುಂದೆ ಡಿಫರೆನ್ಶಿಯಲ್ ಕೊಟ್ಟಿಲ್ಲ. ಮೊದಲು ಇದ್ದ ಹಾಗೆ ಮಾಡಿ ತನ್ನಿ’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಿಚ್ಚಿಸಲು ಮತ್ತೆ ದುಡ್ಡು. ಬಿಚ್ಚಿದ ಸಾಮಾನಿಗೆ ಗುಜರಿ ಬೆಲೆ. ತಂಗಿಯ ಮದುವೆಗೆ ತೆಗೆದಿಟ್ಟಿದ್ದ ಹಣದಲ್ಲಿ ಒಂದು ಪಾಲು ಹೀಗೆ ಹೋಯಿತು. ಹುಡುಗನೂ ಮೇಸ್ತ್ರಿಯೂ ಮೊದಲು ಒಂದೇ ಬಟ್ಟಲಲ್ಲಿ ಉಣ್ಣುತ್ತಿದ್ದವರು. ಈಗ ಎದುರು ಸಿಕ್ಕರೆ ಸಲಾಂ ಕೂಡ ಇಲ್ಲ. ಉಮ್ಮ ಮತ್ತೆ ಕುರ್ಚಿಯಲ್ಲಿ ಇಳಿಯುತ್ತಿದ್ದಾರೆ.

ಇದು ಒಂದು ಮನೆಯ ಕಥೆ ಅಲ್ಲ. ನಮ್ಮ ಜಮಾಅತುಗಳಲ್ಲಿ ಗ್ಯಾರೇಜು ಹುಡುಗರಿಲ್ಲದ ಕೇರಿ ಎಷ್ಟಿದೆ? ಗಲ್ಫಿನಿಂದ ಬಂದು ಮೊದಲು ಗಾಡಿಯ ಕಡೆ ಕಣ್ಣು ಹಾಕುವ ಹುಡುಗರಿಲ್ಲದ ಮನೆ ಎಷ್ಟಿದೆ? ಆದ್ದರಿಂದ ವಿಷಯವನ್ನು ಬುಡದಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಫೋರ್ ವೀಲ್ ಎಂದರೆ ಏನು?

ಸಾಮಾನ್ಯ ಜೀಪಿನಲ್ಲಿ ಎಂಜಿನಿನ ಬಲ ಗೇರ್‌ಬಾಕ್ಸಿನಿಂದ ಒಂದು ಉದ್ದ ಶಾಫ್ಟಿನ ಮೂಲಕ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುತ್ತದೆ. ಮುಂದಿನ ಚಕ್ರ ಬರೇ ತಿರುಗುವುದಕ್ಕೆ, ಭಾರ ಹೊರುವುದಕ್ಕೆ. ಅದನ್ನು ಫೋರ್ ವೀಲ್ ಮಾಡಬೇಕಾದರೆ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಕೂರಿಸಬೇಕು. ಅದರಿಂದ ಮುಂದಕ್ಕೆ ಇನ್ನೊಂದು ಶಾಫ್ಟ್ ಎಳೆಯಬೇಕು. ಮುಂದಿನ ಹಳೆ ಆಕ್ಸಲ್ ತೆಗೆದು, ಒಳಗೆ ಕ್ರೌನ್ ಮತ್ತು ಪಿನಿಯನ್ ಇರುವ ಹೌಸಿಂಗ್ ಹಾಕಬೇಕು. ಚಕ್ರ ತಿರುಗುವ ಜಾಗದಲ್ಲೂ ಬಲ ಮುರಿಯದೆ ಹೋಗುವಂಥ ಜಾಯಿಂಟ್ ಬೇಕು. ಸ್ಟೀರಿಂಗ್ ಕೋನ, ಲೀಫ್ ಪ್ಲೇಟು, ಬ್ರೇಕು, ಎಲ್ಲವನ್ನೂ ಹೊಸ ಭಾರಕ್ಕೆ ಸರಿಹೊಂದಿಸಬೇಕು.

ಇದರಲ್ಲಿ ಕೈತಪ್ಪುವ ಜಾಗ ಹಲವು. ಹಳೆ ಜೀಪುಗಳ ಹೌಸಿಂಗಿನಲ್ಲಿ ಹಲ್ಲಿನ ಅನುಪಾತ ಒಂದೇ ಅಲ್ಲ; 4.88 ಇದೆ, 5.38 ಇದೆ. ಗುಜರಿಯಲ್ಲಿ ಸಿಕ್ಕಿದ್ದನ್ನು ತಂದು ಹಿಂದೆ ಒಂದು, ಮುಂದೆ ಇನ್ನೊಂದು ಹಾಕಿದರೆ ಒಂದೇ ಗಾಡಿಯ ಎರಡು ಆಕ್ಸಲ್ ಒಂದಕ್ಕೊಂದು ಜಗಳ ಆಡುತ್ತವೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಗೊತ್ತಾಗದು. ಡಾಂಬರು ರಸ್ತೆಯಲ್ಲಿ ಜಾರಲು ಜಾಗ ಇಲ್ಲ. ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ, ಕೊನೆಗೆ ಏನಾದರೊಂದು ಮುರಿಯುತ್ತದೆ. ಅನುಪಾತ ಸರಿ ಇದ್ದರೂ ಈ ಹಳೆ ಪದ್ಧತಿಯ ಫೋರ್ ವೀಲನ್ನು ಒಣ ಡಾಂಬರಿನಲ್ಲಿ ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳುತ್ತದೆ. ಆ ವ್ಯತ್ಯಾಸವನ್ನು ನುಂಗಲು ಮಧ್ಯದಲ್ಲಿ ಡಿಫರೆನ್ಶಿಯಲ್ ಇರುವುದಿಲ್ಲ.

ನಮ್ಮ ಮೇಸ್ತ್ರಿಗಳಲ್ಲಿ ಇದನ್ನೆಲ್ಲ ಕರಾರುವಾಕ್ಕಾಗಿ ಬಲ್ಲವರು ಬಹಳ ಮಂದಿ ಇದ್ದಾರೆ. ಕೈಯಲ್ಲಿ ತಿರುಗಿಸಿ ನೋಡಿಯೇ ಹಲ್ಲು ಲೆಕ್ಕ ಹೇಳುವವರನ್ನು ನಾವು ಕಂಡಿದ್ದೇವೆ. ಆದರೆ ಬಲ್ಲವರು ಯಾರು, ಬರೇ ಬೆಸುಗೆ ಹಾಕುವವರು ಯಾರು ಎಂದು ಗಿರಾಕಿಗೆ ಗೊತ್ತಾಗುವುದು ಹೇಗೆ? ಇಬ್ಬರ ಗೋಡೆಯ ಮೇಲೂ ಒಂದು ಸರ್ಟಿಫಿಕೇಟು ಇಲ್ಲ.

ಮಸ್ಟಾಂಗ್, ಕಾಂಟೆಸಾ ಮತ್ತು ಒಬ್ಬ ಟ್ರ್ಯಾಕ್ಟರಿನವನು

ಈಗ ಮಕ್ಕಳ ಮೊಬೈಲಿನಲ್ಲಿ ಇನ್ನೊಂದು ಹುಚ್ಚು. ಅಮೆರಿಕದ ಹಳೆ ಮಸಲ್ ಕಾರುಗಳನ್ನು, ಮಸ್ಟಾಂಗ್, ಕ್ಯಾಮಾರೊ ಮೊದಲಾದವುಗಳನ್ನು, ಎತ್ತರಕ್ಕೆ ಎತ್ತಿ, ಕೆಳಗೆ ಫೋರ್ ವೀಲ್ ಚಾಸಿ ಇಟ್ಟು ಕೆಸರಿಗೆ ಇಳಿಸುವುದು. ನೋಡಲು ಮಜಾ. ಅದನ್ನು ನೋಡಿ ನಮ್ಮಲ್ಲೂ ಕೇಳುವವರಿದ್ದಾರೆ: ‘ನಮ್ಮ ಮೂತಪ್ಪನ ಕಾಂಟೆಸಾ ಶೆಡ್ಡಿನಲ್ಲಿದೆ, ಅದನ್ನು ಹಾಗೆ ಮಾಡಬಹುದಾ?’

1984ರಿಂದ 2002ರವರೆಗೆ ಹಿಂದುಸ್ತಾನ್ ಮೋಟಾರ್ಸ್ ಮಾಡಿದ ಕಾಂಟೆಸಾ ನಮ್ಮ ದೇಶದ ಮಸಲ್ ಕಾರು ಎಂದೇ ಹೆಸರಾದದ್ದು. ಉದ್ದ ಬಾನೆಟ್, ಹಿಂದಿನ ಚಕ್ರಕ್ಕೆ ಬಲ, ಆಮೇಲಾಮೇಲೆ ಇಸುಝುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್. ಒಂದು ಕಾಲದಲ್ಲಿ ಪುದಿಯಾಪ್ಳೆ ಕಾಂಟೆಸಾದಲ್ಲಿ ಬಂದು ಇಳಿದರೆ ಆ ಮದುವೆಯ ಮಾತು ತಿಂಗಳುಗಟ್ಟಲೆ ನಡೆಯುತ್ತಿತ್ತು.

ಜೀಪಿನಂತೆ ಅದಕ್ಕೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಚಾಸಿ. ಮುಂದಿನ ಹೌಸಿಂಗ್ ಹಾಯಬೇಕಾದ ಜಾಗದಲ್ಲಿ ಎಂಜಿನಿನ ಆಯಿಲ್ ಸಂಪು ಕೂತಿದೆ. ಒಂದೋ ಎಂಜಿನ್ ಎತ್ತಬೇಕು, ಇಲ್ಲವೇ ಬಾಡಿ ಕೊಯ್ದು ಜೀಪಿನ ಚಾಸಿಯ ಮೇಲೆ ಕೂರಿಸಬೇಕು. ಹಾಗೆ ಕೂರಿಸಿದ ಮೇಲೆ ಅದು ಯಾವ ಗಾಡಿ? ಚಾಸಿ ನಂಬರು ಜೀಪಿನದು, ಮುಖ ಕಾಂಟೆಸಾದ್ದು. ಯಾವ ಆರ್‌ಸಿ ಹಿಡಿದುಕೊಂಡು ರಸ್ತೆಗೆ ಇಳಿಯುವುದು?

ಮಸಲ್ ಕಾರಿಗೆ ಫೋರ್ ವೀಲ್ ಹಾಕುವ ಯೋಚನೆ ಹೊಸದೇನಲ್ಲ. ಅದರ ಹಿಂದೆ ಇದ್ದ ಹೆಸರು ಅಂಕಲಿಯ ರೈತರಿಗೂ ಪರಿಚಯದ್ದೇ. ಮಾಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರಿನ ಮೇಲೆ ಬರೆದಿರುತ್ತದಲ್ಲ, ಆ ಹ್ಯಾರಿ ಫರ್ಗ್ಯೂಸನ್. ಐರ್ಲೆಂಡಿನಲ್ಲಿ ಹುಟ್ಟಿ, ಟ್ರ್ಯಾಕ್ಟರಿಗೆ ನೇಗಿಲನ್ನು ಮೂರು ಕೊಂಡಿಯಲ್ಲಿ ಜೋಡಿಸುವ ಪದ್ಧತಿ ತಂದವನು. ಕೊನೆಗಾಲದಲ್ಲಿ ಅವನು ಕಾರಿನ ಸುರಕ್ಷತೆಗೆ ನಾಲ್ಕೂ ಚಕ್ರಕ್ಕೆ ಬಲ ಕೊಡಬೇಕು ಎಂದು ಹಟ ಹಿಡಿದು ಒಂದು ಸಂಶೋಧನಾ ಕಂಪನಿ ಕಟ್ಟಿದ. 1960ರಲ್ಲಿ ತೀರಿಕೊಂಡ. ಮರುವರ್ಷ ಅವನ ಕಂಪನಿಯ ಫೋರ್ ವೀಲ್ ರೇಸು ಕಾರು ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಸ್ಟರ್ಲಿಂಗ್ ಮಾಸ್ ಕೈಯಲ್ಲಿ ಗೆದ್ದಿತು. 1966ರಲ್ಲಿ ಅದೇ ಪದ್ಧತಿಯ ಜೆನ್ಸನ್ ಎಫ್‌ಎಫ್ ಮಾರುಕಟ್ಟೆಗೆ ಬಂತು. ಅದೇ ದಶಕದಲ್ಲಿ ಆ ಕಂಪನಿ ಕೆಲವು ಫೋರ್ಡ್ ಮಸ್ಟಾಂಗ್‌ಗಳಿಗೂ ಫೋರ್ ವೀಲ್ ಹಾಕಿ ತೋರಿಸಿತ್ತು.

ಫರ್ಗ್ಯೂಸನ್‌ನ ಜನ ಮಾಡಿದ್ದೂ ಮಾರ್ಪಾಡೇ, ನಮ್ಮ ಮೇಸ್ತ್ರಿ ಮಾಡಿದ್ದೂ ಮಾರ್ಪಾಡೇ. ಅಲ್ಲಿ ನಕ್ಷೆ ಇತ್ತು, ಪರೀಕ್ಷೆ ಇತ್ತು, ಒಪ್ಪಿ ರುಜು ಹಾಕುವವರಿದ್ದರು. ನಮ್ಮ ಮೇಸ್ತ್ರಿಗೆ ಕೈಚಳಕ ಬಿಟ್ಟರೆ ಬೇರೆ ಆಸರೆ ಇಲ್ಲ. ಅವನ ಕೆಲಸವನ್ನು ಯಾರ ಹತ್ತಿರ ಒಯ್ದು ‘ಪರೀಕ್ಷೆ ಮಾಡಿ ಹೇಳಿ’ ಎನ್ನಬೇಕು ಎಂಬುದಕ್ಕೆ ಒಂದು ಬಾಗಿಲೂ ಇಲ್ಲ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಸ್ಪಷ್ಟವಾಗಿದೆ. ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೂ ಆರ್‌ಸಿಯ ವಿವರಗಳಿಗೂ ವ್ಯತ್ಯಾಸ ಬರುವ ಹಾಗೆ ಮಾಲೀಕ ತನ್ನ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಸೇರಿತು. ಅನುಮತಿ ಇಲ್ಲದೆ ಬದಲಾವಣೆ ಮಾಡಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಗಮನಿಸಿ, ಇಲ್ಲಿ ಹೇಳಿದ್ದು ಮಾಲೀಕ. ‘ಮೇಸ್ತ್ರಿ ಮಾಡಿದ್ದು, ನನಗೆ ಗೊತ್ತಿಲ್ಲ’ ಎಂದರೆ ನಡೆಯುವುದಿಲ್ಲ.

ಆರ್‌ಸಿಯಲ್ಲಿ ‘ಟೂ ವೀಲ್’ ಎಂದು ದಪ್ಪ ಅಕ್ಷರದಲ್ಲಿ ಇಲ್ಲವಲ್ಲ ಎಂದು ಕೆಲವರು ವಾದ ಮಾಡುತ್ತಾರೆ. ಮಾದರಿಯ ಹೆಸರು ಇದೆ, ಚಾಸಿ ನಂಬರು ಇದೆ, ಖಾಲಿ ಗಾಡಿಯ ತೂಕ ಇದೆ. ಬಲ್ಲವನಿಗೆ ಅಷ್ಟು ಸಾಕು.

50 ವರ್ಷ ದಾಟಿದ ಗಾಡಿ ಇದ್ದವರು ಇನ್ನೂ ಜಾಗ್ರತೆ ಮಾಡಬೇಕು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಬೇರೆಯೇ ನೋಂದಣಿ ತಂದಿದೆ. 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ, ನಂಬರಿನಲ್ಲಿ ‘ವಿಎ’ ಅಕ್ಷರ. ಆದರೆ ಚಾಸಿ, ಬಾಡಿ, ಎಂಜಿನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಜ್ಜನ ಕಾಲದ ಒಂದು ವಿಲ್ಲಿಸ್ ಜೀಪು ಇದ್ದ ಹಾಗೆಯೇ ಉಳಿದರೆ ಅದಕ್ಕೆ ಗೌರವವೂ ಇದೆ, ಬೆಲೆಯೂ ಇದೆ. ಕೊಯ್ದರೆ ಎರಡೂ ಹೋಗುತ್ತದೆ.

ಇನ್ನು ವಿಮೆ. ಗಾಡಿ ಬದಲಾಯಿಸಿದ್ದನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ, ಅಪಘಾತವಾದಾಗ ಸ್ವಂತ ಗಾಡಿಯ ನಷ್ಟದ ಕ್ಲೈಮು ತಿರಸ್ಕರಿಸಲು ಅವರಿಗೆ ನಾವೇ ಕಾರಣ ಕೊಟ್ಟ ಹಾಗೆ. ‘ಸಾವಿರಾರು ಜೀಪು ಓಡುತ್ತಿವೆ, ಯಾರೂ ಹಿಡಿಯುವುದಿಲ್ಲ’ ಎಂಬ ಮಾತು ಗ್ಯಾರೇಜಿನ ಬೆಂಚಿನ ಮೇಲೆ ಕೂತು ಆಡಲು ಚೆನ್ನ. ಹಿಡಿಯುವುದು ರಸ್ತೆಯಲ್ಲಿ ಅಲ್ಲ. ನವೀಕರಣದ ದಿನ, ಮಾರುವ ದಿನ, ಯಾರಿಗಾದರೂ ಏಟಾದ ದಿನ ಹಿಡಿಯುತ್ತದೆ. ಆ ದಿನ ಬೆಂಚಿನ ಮೇಲಿನವರು ಯಾರೂ ಜೊತೆಗೆ ಬರುವುದಿಲ್ಲ. ನಾವೂ ಆ ಬೆಂಚಿನ ಮೇಲಿದ್ದವರೇ ಆದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇವೆ.

ಹಾಗಾದರೆ ಬಿಡಬೇಕಾ?

ನಮ್ಮ ಅಭಿಪ್ರಾಯ ‘ಮಾಡಬೇಡಿ’ ಎಂಬಲ್ಲಿಗೆ ನಿಲ್ಲುವುದಿಲ್ಲ. ಗುಡ್ಡದ ಮನೆಗೆ ಫೋರ್ ವೀಲ್ ಬೇಕೇ ಬೇಕು. ಚಾರ್ಮಾಡಿಯ ತಪ್ಪಲಿನಲ್ಲಿ, ಕಳಸದ ಕಡೆ, ಕೊಡಗಿನ ಎಸ್ಟೇಟುಗಳಲ್ಲಿ ಜೀಪು ಎಂದರೆ ಆಂಬುಲೆನ್ಸ್, ರೇಷನ್ ಗಾಡಿ, ಶಾಲಾ ವ್ಯಾನು, ಎಲ್ಲವೂ. ಅಂಕಲಿಯಂಥ ನದಿ ದಂಡೆಯ ಊರುಗಳಿಗೂ ಇದು ಗೊತ್ತು. 2005ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ ಸೀಮೆಯ ಊರುಗಳಿಗೆ ನುಗ್ಗಿದ್ದನ್ನು ಅಲ್ಲಿಯವರು ಮರೆತಿಲ್ಲ. ಅಂಥ ಕಡೆ ಕೆಸರಿನಲ್ಲಿ ಹೂಳದ ಗಾಡಿ ಶೋಕಿಯ ಸಾಮಾನಲ್ಲ.

ಸರಕಾರಕ್ಕೆ ನಮ್ಮ ಪ್ರಶ್ನೆ ಇದು. ಪೆಟ್ರೋಲು ಗಾಡಿಗೆ ಸಿಎನ್‌ಜಿ ಕಿಟ್ ಹಾಕಲು ದಾರಿ ಇದೆ. ಕಿಟ್ ಪರೀಕ್ಷೆಯಾಗಿ ಒಪ್ಪಿಗೆ ಪಡೆದಿರಬೇಕು, ಹಾಕಿದ ಮೇಲೆ ಆರ್‌ಸಿಯಲ್ಲಿ ಬರೆಸಬೇಕು. ಅಂಗವಿಕಲರಿಗಾಗಿ ಗಾಡಿ ಬದಲಾಯಿಸಲೂ ಕಾನೂನು ದಾರಿ ಬಿಟ್ಟಿದೆ. ಬೆಂಕಿ ಹಿಡಿಯುವ ಅನಿಲದ ಸಿಲಿಂಡರನ್ನು ಡಿಕ್ಕಿಯಲ್ಲಿಡಲು ಒಪ್ಪಿದ ಮೇಲೆ, ಅದೇ ಕಂಪನಿ ಅದೇ ಜೀಪಿನ ಫೋರ್ ವೀಲ್ ಮಾದರಿಗೆ ಹಾಕಿದ ಸಾಮಾನನ್ನೇ ಟೂ ವೀಲ್ ಮಾದರಿಗೆ ಹಾಕಲು ಒಂದು ಒಪ್ಪಿತ ಕಿಟ್ ಯಾಕೆ ಇರಬಾರದು? ಪರೀಕ್ಷೆ ಮಾಡಲು 1966ರಿಂದ ಪುಣೆಯಲ್ಲಿ ಎಆರ್‌ಎಐ ಸಂಸ್ಥೆ ಇದೆ. ಒಂದು ಮಾದರಿಗೆ ಒಂದು ಕಿಟ್, ತರಬೇತಾದ ಮೇಸ್ತ್ರಿ, ಅವನ ರುಜು, ಆರ್‌ಸಿಯಲ್ಲಿ ಒಂದು ಸಾಲು. ಇಷ್ಟಾದರೆ ಸುರಕ್ಷತೆಯೂ ಉಳಿಯುತ್ತದೆ, ಹುಡುಗರ ಹೊಟ್ಟೆಪಾಡೂ ಉಳಿಯುತ್ತದೆ. ನಮ್ಮ ಶಾಸಕರು, ಸಂಸದರು ವೇದಿಕೆಯಲ್ಲಿ ಸ್ವಉದ್ಯೋಗದ ಭಾಷಣ ಮಾಡುತ್ತಾರೆ. ಇದನ್ನೂ ಒಮ್ಮೆ ಸಾರಿಗೆ ಇಲಾಖೆಯ ಮುಂದೆ ಇಡಲಿ.

ಸಮುದಾಯದ ಸಂಘಟನೆಗಳಿಗೂ ಒಂದು ಮಾತು. ಡಾಕ್ಟರು, ಎಂಜಿನಿಯರು ಓದುವ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುತ್ತೇವೆ, ಫೋಟೋ ತೆಗೆಸುತ್ತೇವೆ. ಒಳ್ಳೆಯದೇ. ಹತ್ತನೆಯದರಲ್ಲಿ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನಿಗೆ ನಾವು ಏನು ಕೊಟ್ಟಿದ್ದೇವೆ? ಐಟಿಐ ಇದೆ. ಮಂಗಳೂರಿನಲ್ಲೂ ಬೆಳಗಾವಿಯಲ್ಲೂ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. ಈಗಾಗಲೇ ಕೆಲಸ ಬಲ್ಲವನ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಒಂದು ಜಮಾಅತಿನಿಂದ ವರ್ಷಕ್ಕೆ ಇಬ್ಬರು ಮೇಸ್ತ್ರಿಗಳನ್ನು ಇಂಥ ಕಡೆ ಕಳಿಸುವ ಖರ್ಚು, ಒಂದು ಸನ್ಮಾನ ಸಮಾರಂಭದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗದು.

ಮೇಸ್ತ್ರಿಗಳಿಗೂ ಹೇಳಬೇಕು. ಗಿರಾಕಿ ಕೇಳಿದ ಕೂಡಲೆ ಒಪ್ಪಿಕೊಳ್ಳಬೇಡಿ. ‘ಮಾಡಿ ಕೊಡುತ್ತೇನೆ, ಆದರೆ ಆರ್‌ಸಿಗೆ ಇದು ಕೂರುವುದಿಲ್ಲ’ ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಒಂದು ಕೆಲಸ ಕೈತಪ್ಪಬಹುದು. ಹೆಸರು ಉಳಿಯುತ್ತದೆ. ನಮ್ಮ ಹುಡುಗನೂ ಮೇಸ್ತ್ರಿಯೂ ಮಾತು ಬಿಟ್ಟದ್ದು ಕೆಲಸ ಕೆಟ್ಟದ್ದಕ್ಕಲ್ಲ. ಹೇಳಬೇಕಾದ ಒಂದು ಮಾತು ಹೇಳದೆ ಉಳಿದದ್ದಕ್ಕೆ.

ಹಳೆ ಜೀಪು ಕೊಳ್ಳುವ ಮನೆಯವರು ಇಷ್ಟು ಮಾಡಿ. ಕಂಪನಿಯಲ್ಲೇ ಫೋರ್ ವೀಲ್ ಆಗಿ ಹೊರಬಂದ ಗಾಡಿಯನ್ನೇ ಹುಡುಕಿ. ಎಂಎಂ 540ರಂಥ ಹಳೆ ಮಹೀಂದ್ರ, ಮಾರುತಿ ಜಿಪ್ಸಿ ಈಗಲೂ ಸಿಗುತ್ತವೆ. ಬೆಲೆ ಹೆಚ್ಚು ಎನಿಸಬಹುದು. ಹಾಕಿಸುವ, ಬಿಚ್ಚಿಸುವ ಖರ್ಚು ಕೂಡಿಸಿ ನೋಡಿ, ಆಗ ಹೆಚ್ಚೆನಿಸದು. ಹೊಸ ಥಾರ್ ಕೊಳ್ಳುವವರೂ ಕೇಳಿಕೊಳ್ಳಿ. 2023ರಿಂದ ಅದರಲ್ಲೂ ಟೂ ವೀಲ್ ಇದೆ. ‘ಆಮೇಲೆ ಹಾಕಿಸೋಣ’ ಎಂಬ ಲೆಕ್ಕದಲ್ಲಿ ಅದನ್ನು ತರಬೇಡಿ. ದುಡ್ಡು ಕೊಡುವ ಮೊದಲು ಆರ್‌ಸಿಯ ಮಾದರಿ, ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆ ನೋಡಿ. ಬಲ್ಲವನೊಬ್ಬನನ್ನು ಕರೆದುಕೊಂಡು ಹೋಗಿ ಗಾಡಿಯ ಕೆಳಗೆ ಮಲಗಿ ನೋಡಲು ಹೇಳಿ. ಯಜಮಾನ ಸರಿಯಾದವನಾದರೆ ಬೇಡ ಎನ್ನುವುದಿಲ್ಲ.

ಅಂಕಲಿಯ ಆ ರೈತರಿಗೆ ಮೊನ್ನೆ ಫೋನು ಮಾಡಿದ್ದೆವು. ನಡೆದದ್ದನ್ನೆಲ್ಲ ಹೇಳಿದೆವು. ‘ನಾ ಅವತ್ತೇ ಹೇಳಿದ್ನಿಲ್ರೀ’ ಎಂದು ಅವರು ಚುಚ್ಚಲಿಲ್ಲ. ‘ತಾಯಿಯವರು ಹೆಂಗದಾರ್ರೀ?’ ಎಂದು ಕೇಳಿದರು. ಉತ್ತರ ಕೊಡಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು.

ಹುಡುಗ ಈಗ ಅಸಲಿ ಫೋರ್ ವೀಲ್ ಜೀಪೊಂದನ್ನು ಹುಡುಕುತ್ತಿದ್ದಾನೆ. ಈ ಸಲ ನೋಡಲು ಹೋಗುವಾಗ ಮೇಸ್ತ್ರಿಯನ್ನೂ ಕರೆದುಕೊಂಡು ಹೋಗಲು ಹೇಳಿದ್ದೇವೆ. ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕೂರಿಸುವ ಜವಾಬ್ದಾರಿ ನಮ್ಮದು.